ಕರಿಕಿಯ ಎಲೆ ಉಪ್ಪುಪ್ಪು

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಿ. ಸಿಂದಗಿ ಸೀಮೆಯ ಎರಿಮಣ್ಣು ಹಸಿಯಿದ್ದಾಗ ಹಿಡಿದದ್ದನ್ನು ಬಿಡುವುದಿಲ್ಲ. ಬೆಳಗಿನ ಚಳಿ, ಹಿಂಗಾರಿ ದಿನಗಳು. ಎಡಕ್ಕೆ ಇಂಡಿ ಶಾಖಾ ಕಾಲುವೆಯ ಏರಿ, ಅದರ ಕೆಳಗಿನ ತಗ್ಗಿನಲ್ಲಿ ಕಡಲೆ ಹೊಲ. ನೆಲ ಬೆಳ್ಳಗಿದೆ. ಇಬ್ಬನಿಯೆಂದು ಬೆರಳಾಡಿಸುತ್ತೀರಿ, ಪುಡಿಯಾಗಿ ಉಗುರಿನ ಸಂದಿಗೆ ಸೇರುತ್ತದೆ. ಸವಳು.

ಕಡಲೆಯ ಎಲೆಯಂಚು ಸುಟ್ಟಂತಿದೆ, ಕುಡಿ ಬಾಡಿದೆ. ಪಾದದಡಿ ಕೆಸರು, ಗಿಡಕ್ಕೆ ಮಾತ್ರ ಬಾಯಾರಿಕೆ. ನಿಮ್ಮ ಕೈ ತಾನಾಗಿ ತೂಬಿನತ್ತ ಹೋಗುತ್ತದೆ.

"ಮುಟ್ಟಬ್ಯಾಡ್ರೀ!" ಹೊಲದ ಕಾಕಾನ ಕೂಗು. "ಹ್ವಾದ ವರ್ಷ ಹಿಂಗ ಬಾಡ್ತಂತ ನೀರ ಬಿಟ್ಟೆ. ಎಂಟ ದಿನದಾಗ ನೆಲ ಮತ್ತಷ್ಟ ಬೆಳ್ಳಗಾತು."

ಕಾಲುವೆಯ ಬಸಿನೀರು ಆಳದ ಉಪ್ಪನ್ನು ಕರಗಿಸಿ ಮೇಲೆ ತರುತ್ತದೆ. ಬಿಸಿಲು ನೀರನ್ನು ಹೀರಿ ಉಪ್ಪನ್ನು ಇಲ್ಲೇ ಬಿಡುತ್ತದೆ. ಮಾವಿನ ಹೋಳಿಗೆ ಉಪ್ಪು ಬೆರೆಸಿದರೆ ಹೋಳು ನೀರು ಬಿಡುತ್ತದಲ್ಲ, ಬೇರಿಗೂ ಅದೇ ಗತಿ. ಒಂದು ಕಡಲೆ ಎಲೆ ಮುರಿದು ನಾಲಿಗೆಗೆ ಹಚ್ಚಿ: ಹುಳಿ. ಹಿಂದೆ ರಾತ್ರಿ ಬಟ್ಟೆ ಹಾಸಿ ಈ ಹುಳಿಯನ್ನೇ ಹಿಂಡಿಕೊಳ್ಳುತ್ತಿದ್ದರು. ಇಷ್ಟು ಹುಳಿ ಬೆವರುವ ಗಿಡಕ್ಕೆ ಉಪ್ಪು ಮಾತ್ರ ಆಗಿಬರುವುದಿಲ್ಲ. ಮಣ್ಣಿನ ರಸದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು ಭೂಮಿ. ಕಡಲೆ ಅದಕ್ಕೂ ಮೊದಲೇ ಸೋಲುತ್ತದೆ. ಬದುವಿನಾಚೆಯ ಹತ್ತಿ ಸುಮಾರು 7.7ರವರೆಗೆ ಇಳುವರಿ ಬಿಟ್ಟುಕೊಡುವುದಿಲ್ಲ.

ಆ ಹತ್ತಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಬೇರಿನೊಳಗೆ ಇಳಿಯಿರಿ. ಕತ್ತಲು, ತೇವ. ಹೊರಗಿನಿಂದ ಸೋಡಿಯಂ ನುಗ್ಗುತ್ತಿದೆ, ಪೊಟ್ಯಾಸಿಯಂ ಹೋಗುವ ಬಾಗಿಲಲ್ಲೇ ನುಸುಳುತ್ತಿದೆ. ದಬ್ಬು ಹೊರಗೆ. ದಬ್ಬಿತು. ಮತ್ತೆ ಬಂತು. ಮತ್ತೆ ದಬ್ಬು. ಪ್ರತಿ ಸಲವೂ ಗಿಡದ ಶಕ್ತಿಯ ಗಂಟು ಕರಗುತ್ತದೆ. ತಪ್ಪಿಸಿಕೊಂಡದ್ದು ಕಾಂಡ ಏರಿತು, ಎಲೆಗೆ ಬಂತು. ಎಲ್ಲಿಡುವುದು? ಜೀವಕೋಶದ ನಡುವಿನ ರಸಚೀಲಕ್ಕೆ ತುರುಕು. ಚೀಲದ ಹೊರಗೆ ಉಳಿದ ಭಾಗ ಒಣಗದಂತೆ ಪ್ರೋಲಿನ್, ಬೀಟೇನ್ ತಯಾರಿಸು. ಕೆಳಗಿನ ಮುದಿ ಎಲೆ ತುಂಬಿತು. ಇನ್ನು ಜಾಗವಿಲ್ಲ. ಉದುರಿಸು.

ಟಪ್. ಹಳದಿ ಎಲೆಯೊಂದು ನಿಮ್ಮ ಮೊಣಕಾಲ ಮೇಲೆ ಬೀಳುತ್ತದೆ. ಸಹನೆ ಎಂದರೆ ನೋವಿಲ್ಲವೆಂದಲ್ಲ. ಕಾಕಾನ ಹತ್ತಿಯೂ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿದೆ.

ಬದುವಿನ ಕರಿಕಿಗೆ ಬೇರೆ ಉಪಾಯ ಗೊತ್ತು. ಅದರ ಎಲೆಯ ಮೇಲಿನ ಕಣ್ಣಿಗೆ ಕಾಣದ ಗ್ರಂಥಿಗಳು ಉಪ್ಪನ್ನು ಉಗುಳುತ್ತವೆ. ನೆಕ್ಕಿ ನೋಡಿ, ನಾಚಿಕೆ ಬೇಡ. ಉಪ್ಪುಪ್ಪು! ಗಣಪತಿಗೆ ಏರಿಸುವ ಅದೇ ಕರಿಕಿ.

ಹೆಸರಾದ ಇಂಡಿ ನಿಂಬೆಗೆ ಈ ಯಾವ ವಿದ್ಯೆಯೂ ಒಲಿದಿಲ್ಲ; ಸವಳು ತಾಗಿದರೆ ಎಲೆ ಸುಟ್ಟುಕೊಳ್ಳುತ್ತದೆ. ದ್ರಾಕ್ಷಿಯವರು ಜಾಣರು, ಡಾಗ್ರಿಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಬೇರು ಕಾಡುಬಳ್ಳಿಯದು, ಹಣ್ಣು ತಮ್ಮದು. ನೆಲ ಸವಳಾದ ತಪ್ಪನ್ನೆಲ್ಲ ಕಾಲುವೆಯ ತಲೆಗೇ ಕಟ್ಟುವಂತಿಲ್ಲ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಸೀಮೆಯಲ್ಲಿ ಹರಿಯುವ ಡೋಣಿ ಹೊಳೆಯ ನೀರು ಕಾಲುವೆ ಬರುವ ಮೊದಲಿನಿಂದಲೂ ಸವಳೇ.

ಬಿಸಿಲೇರುತ್ತದೆ. ಹಸಿ ಮಣ್ಣಿನ ವಾಸನೆ ಮೂಗಿಗೆ ಅಡರುತ್ತದೆ, ಬೆರಳ ಸಂದಿ ಚುರುಗುಡುತ್ತದೆ. ಕಾಕಾ ತೂಬಿನ ಮುಂದೆ ನಿಂತಿದ್ದಾನೆ. ಬಸಿದುಹೋಗಲು ದಾರಿಯಿದ್ದರೆ ಇದೇ ನೀರು ಉಪ್ಪನ್ನು ತೊಳೆದೊಯ್ಯುತ್ತದೆ, ಇಲ್ಲದಿದ್ದರೆ ಮೇಲೆತ್ತುತ್ತದೆ. ಬಿಟ್ಟರೆ ಸಂಜೆಗೆ ಕಡಲೆ ಚಿಗುರಿದಂತೆ ಕಂಡೀತು. ಬಿಡದಿದ್ದರೆ ಈ ಸಲದ ಬೀಜದ ದುಡ್ಡೂ ಹುಟ್ಟಲಿಕ್ಕಿಲ್ಲ. ನೀವು ಉಸಿರು ಬಿಗಿಹಿಡಿಯುತ್ತೀರಿ.

ಅವನು ತೂಬು ಮುಟ್ಟದೆ ಸಲಿಕೆ ಎತ್ತಿಕೊಳ್ಳುತ್ತಾನೆ, ಬಸಿಗಾಲುವೆ ತೋಡಲು. ಅದು ಹಳ್ಳ ಮುಟ್ಟಬೇಕಾದರೆ ಪಕ್ಕದವರ ಹೊಲ ದಾಟಬೇಕು. ಅವರ ಕಡಲೆ ಇನ್ನೂ ಹಸಿರಾಗಿದೆ.