ಒಂಬತ್ತೂಕಾಲರ ಪೂಜೆ

ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡಗೈಯ ಅಂಗೈಯಲ್ಲಿ. ನನಗೆ ಲಿಂಗದೀಕ್ಷೆಯಾದದ್ದು ಎಂಟನೇ ವಯಸ್ಸಿಗೆ, ನಂಜನಗೂಡು ಕಡೆಯ ನಮ್ಮೂರಿನಲ್ಲಿ. ಕೈ ಅಲುಗಬಾರದು, ರೆಪ್ಪೆ ಬಡಿಯಬಾರದು, ದೀಪದ ಬೆಳಕು ಲಿಂಗದ ಕಪ್ಪು ಕಂತಿಯ ಮೇಲೆ ಚುಕ್ಕಿಯಾಗಿ ಕಾಣುತ್ತದಲ್ಲ, ಅದನ್ನೇ ನೋಡುತ್ತಾ ಕೂರಬೇಕು ಎಂದು ತಾತ ಹೇಳಿಕೊಟ್ಟಿದ್ದರು. ಐವತ್ತು ವರ್ಷದ ಮೇಲೆ ಹಾಗೇ ನೋಡಿಕೊಂಡು ಬಂದೆ. ಅರವತ್ತು ದಾಟಿದ ಮೇಲೆ ಅದೇ ಅಂಗೈಗೆ ಮೊಬೈಲ್ ಬಂತು. ಅದರ ಗಾಜೂ ಕಪ್ಪು. ಕೈ ಅಲುಗುತ್ತಿರಲಿಲ್ಲ, ರೆಪ್ಪೆಯೂ ಬಡಿಯುತ್ತಿರಲಿಲ್ಲ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಅಗ್ನಿಶಾಮಕ ಠಾಣೆಯಿಂದ ಹೆಚ್ಚು ದೂರವಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿ 2021ರ ಕೊನೆಗೆ ನಿವೃತ್ತನಾದೆ. ಬೇರೆಯವರ ತಪ್ಪು ಹಿಡಿಯುವುದೇ ನನ್ನ ಉದ್ಯೋಗವಾಗಿತ್ತು. ನಿವೃತ್ತಿಯಾದ ಮಾರನೆಯ ದಿನದಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹಾಲಿನವನೂ ಮನೆಯಾಕೆಯನ್ನೇ ಕೇಳುತ್ತಿದ್ದ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡೆಯುವಾಗ ಜೊತೆಗಿದ್ದವರೊಬ್ಬರು ಮೊಬೈಲ್ ತೆಗೆದು ಷೇರು ವಹಿವಾಟಿನ ಆ್ಯಪ್ ತೋರಿಸಿದರು. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ 1,400 ರೂಪಾಯಿ ಬಂತು. ದುಡ್ಡು ದೊಡ್ಡದಲ್ಲ. ‘ಏರುತ್ತೆ’ ಅಂದುಕೊಂಡೆ, ಏರಿತು. ದೇಶದ ಸಂತೆಯೆಲ್ಲ ಸೇರಿ ನನ್ನ ಮಾತಿಗೆ ಹೌದು ಅಂದ ಹಾಗಾಯಿತು. ಆಸೆಬುರುಕ, ಕೆಟ್ಟ ಎಂದು ಆಮೇಲೆ ನೆಂಟರು ಆಡಿಕೊಂಡರು. ದುಡ್ಡಿನ ಆಸೆ ಇರಲಿಲ್ಲವೆಂದಲ್ಲ. ಆದರೆ ನಾನು ಕೈಮುಗಿದದ್ದು ಈ ‘ಹೌದು’ ಅನ್ನುವುದಕ್ಕೆ.

ಷೇರು ಕೊಳ್ಳುವುದರಿಂದ ಆಪ್ಷನ್ಸ್‌ಗೆ ಬರಲು ಮೂರು ತಿಂಗಳೂ ಹಿಡಿಯಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಿಫ್ಟಿ ಎಂಬ ಷೇರು ಸೂಚ್ಯಂಕ ವಾರದ ಗಡುವು ಮುಗಿಯುವಾಗ ಇಂಥ ಮಟ್ಟದಿಂದ ಕೆಳಗೆ ಹೋಗಿರುವುದಿಲ್ಲ ಎಂದು ನಾವು ಹೊಣೆ ಹೊತ್ತುಕೊಂಡು ಎದುರಿನವನಿಂದ ಹಣ ಪಡೆಯಬಹುದು. ಅದಕ್ಕೆ ಪುಟ್ ಮಾರುವುದು ಎನ್ನುತ್ತಾರೆ. ಹೋಗದಿದ್ದರೆ ಆ ಹಣ ನಮ್ಮದು. ಹೋದರೆ ಎಷ್ಟು ಆಳಕ್ಕೆ ಹೋಯಿತೋ ಅಷ್ಟನ್ನೂ ನಾವೇ ಕಟ್ಟಿಕೊಡಬೇಕು. ಹತ್ತು ವಾರ ಸಣ್ಣಸಣ್ಣದಾಗಿ ಕೈಗೆ ಬರುತ್ತದೆ, ಹನ್ನೊಂದನೆಯ ವಾರ ಬಿಂದಿಗೆಯನ್ನೇ ಹೊತ್ತೊಯ್ಯುತ್ತದೆ. ಲೆಕ್ಕಿಗನಾದ ನನಗೆ ಇದು ತಿಳಿಯದ್ದೇನಲ್ಲ. 2023ರ ಮಧ್ಯದಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ಆದೇಶದಂತೆ ಆ್ಯಪ್ ತೆರೆದಾಗಲೆಲ್ಲ ಎಚ್ಚರಿಕೆಯೊಂದು ಬರುತ್ತಿತ್ತು: ಈ ವಹಿವಾಟಿನಲ್ಲಿ ಹತ್ತು ಜನರಲ್ಲಿ ಒಂಬತ್ತು ಜನ ಕಳೆದುಕೊಳ್ಳುತ್ತಾರೆ ಎಂದು. ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹಾಗೆ ಅದನ್ನು ಬೆರಳಿನಿಂದ ಮುಟ್ಟಿ ಒಳಗೆ ಹೋಗುತ್ತಿದ್ದೆ.

ದಿನಚರಿ ಹೀಗಾಯಿತು. ಆರೂವರೆಗೆ ನಿಫ್ಟಿಯ ಸುಳಿವು ಕೊಡುವ ಗಿಫ್ಟ್ ನಿಫ್ಟಿ ಶುರುವಾಗುತ್ತದೆ. ಕಣ್ಣು ಬಿಟ್ಟರೆ ಮೊದಲ ದರ್ಶನ ಅದರದ್ದೇ. ಒಂಬತ್ತೂಕಾಲಿಗೆ ಪೇಟೆ ತೆರೆಯುವುದರೊಳಗೆ ಸ್ನಾನ, ಪೂಜೆ, ತಿಂಡಿ ಮುಗಿಯಬೇಕು. ಮುಕ್ಕಾಲು ಗಂಟೆಯ ಲಿಂಗಪೂಜೆ ಹದಿನೈದು ನಿಮಿಷಕ್ಕೆ ಬಂತು, ಆಮೇಲೆ ನಾಲ್ಕಕ್ಕೆ. ವಿಭೂತಿ ಒಣಗುವ ಮೊದಲೇ ಲಿಂಗ ಕರಡಿಗೆಯೊಳಗೆ. ಸೋಮವಾರದ ಒಪ್ಪತ್ತು ಬಿಟ್ಟೆ. ಗುರುವಾರ, ಆಗ ವಾರದ ಗಡುವು ಮುಗಿಯುತ್ತಿದ್ದ ದಿನ, ಮಧ್ಯಾಹ್ನ ಮೂರೂವರೆವರೆಗೆ ಊಟವೇ ಬೇಡವಾಗುತ್ತಿತ್ತು. ಲಾಭ ಬಂದ ದಿನ ಹಾಕಿದ್ದ ಅಂಗಿಯನ್ನು ಮಾರನೆಯ ದಿನ ಒಗೆಯಲು ಬಿಡುತ್ತಿರಲಿಲ್ಲ. ಬೆಕ್ಕು ಅಡ್ಡ ಬಂತೆಂದು ನಿಂತವರನ್ನು ನೋಡಿ ಒಂದು ಕಾಲದಲ್ಲಿ ನಕ್ಕಿದ್ದವನು ನಾನು.

ನಷ್ಟ ಬಂದಾಗ ದೇವರನ್ನು ಬಿಟ್ಟೆನೆಂದು ತಿಳಿಯಬೇಡಿ. ಬಿಟ್ಟಿದ್ದರೆ ರೋಗ ಬೇಗ ಗೊತ್ತಾಗುತ್ತಿತ್ತು. ಮಾದಪ್ಪನಿಗೆ ಹರಕೆ ಹೊತ್ತೆ, ಶ್ರೀಕಂಠೇಶ್ವರನಿಗೆ ರುದ್ರಾಭಿಷೇಕ ಮಾಡಿಸಿದೆ, ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಎಲ್ಲ ದೇವರಿಗೂ ಆ ಒಂದು ದೇವರ ಊಳಿಗ ಹಚ್ಚಿದ್ದೆ.

2024ರ ಜೂನ್ 1ರ ಸಂಜೆ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು. ಜೂನ್ 3, ಸೋಮವಾರ, ನಿಫ್ಟಿ ಒಂದೇ ದಿನ 733 ಪಾಯಿಂಟ್ ಜಿಗಿದು 23,263ಕ್ಕೆ ನಿಂತಿತು. ನನಗೆ ಉಳಿದಿದ್ದ ಹಣವೆಲ್ಲ ಆಗಲೇ ಅದರಲ್ಲಿತ್ತು. ಸಾಲದ್ದಕ್ಕೆ ಮನೆಯಾಕೆಯ ನಾಲ್ಕು ಚಿನ್ನದ ಬಳೆಗಳನ್ನು ಅವಳಿಗೆ ಹೇಳದೆ ಗಿರವಿ ಇಟ್ಟಿದ್ದೆ. ಆ ದಿನ 22,500ರ ಪುಟ್ ಇಪ್ಪತ್ನಾಲ್ಕು ಲಾಟ್ ಮಾರಿದೆ. ಆಗ ಒಂದು ಲಾಟ್‌ಗೆ 25. ಒಟ್ಟು 600. ಆ ಗೆರೆಯಿಂದ ಕೆಳಗೆ ಒಂದೊಂದು ಪಾಯಿಂಟ್ ಬಿದ್ದರೂ ಆರುನೂರು ರೂಪಾಯಿ ನಾನು ಕೊಡಬೇಕು. ಎಲ್ಲಿ ಬೀಳುತ್ತೆ ಅಂತ ರಾತ್ರಿ ನಿದ್ದೆ ಮಾಡಿದೆ.

ಮಾರನೆಯ ದಿನ ಮತ ಎಣಿಕೆ. ಅಕ್ಕಪಕ್ಕದ ಮನೆಗಳಲ್ಲಿ ಟಿವಿ ಜೋರಾಗಿತ್ತು. ಮೈಸೂರು ಕ್ಷೇತ್ರದಲ್ಲಿ ಯದುವೀರ್ ಮುಂದಿದ್ದಾರೆ ಎಂದು ಯಾರೋ ಕೂಗಿ ಹೇಳಿದರು. ನಾನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದೆ. ಹತ್ತೂವರೆಗೆ ಕೈ ತಣ್ಣಗಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ನಿಫ್ಟಿ 21,300ಕ್ಕೂ ಕೆಳಗೆ ಹೋಗಿ ಬಂತು. ಒತ್ತೆ ಹಣ, ಅಂದರೆ ಮಾರ್ಜಿನ್, ಸಾಲದು ಎಂದು ಸಂದೇಶ, ಮತ್ತೊಂದು ಸಂದೇಶ, ಆಮೇಲೆ ಬ್ರೋಕರ್ ಕಂಪನಿಯವರೇ ನನ್ನ ವಹಿವಾಟನ್ನು ಮುರಿದು ಹಾಕಿದರು. ಒಂದೇ ದಿನಕ್ಕೆ ಏಳು ಲಕ್ಷ ಚಿಲ್ಲರೆ. ಕುಡಿಯುವ ನೀರು ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ತೆಂಗಿನ ತೋಪಿನ ಕಡೆ ಹೊರಟವನು ಕೆರೆಯ ಏರಿಗೆ ಹೋಗಿ ಕತ್ತಲಾಗುವವರೆಗೆ ನೀರು ನೋಡುತ್ತಾ ನಿಂತಿದ್ದೆ. ಏನೂ ಕೆಟ್ಟ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾವಲುಗಾರ ಬಂದು, ‘ಹೊತ್ತಾಯ್ತು, ಹೊರಡಿ ಸಾ’ ಎಂದ. ಹೊರಟೆ.

ಇನ್ನೊಂದು ಪೆಟ್ಟು ಬಾಕಿ ಇತ್ತು. ಗುರುವಾರ, ಜೂನ್ 6ರಂದು, ನಿಫ್ಟಿ 22,800ರ ಮೇಲೆ ಮುಗಿಯಿತು. ನಾನು ಮಾರಿದ್ದ ಪುಟ್‌ನ ಬೆಲೆ ಸೊನ್ನೆ. ಎರಡು ದಿನ ತಡೆದುಕೊಳ್ಳುವಷ್ಟು ಹಣವಿದ್ದಿದ್ದರೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಬುದ್ಧಿ ಬರಬೇಕಾದ ಜಾಗದಲ್ಲಿ ನನಗೆ ಬಂದದ್ದು ಬೇರೆ: ‘ನೋಡಿದೆಯಾ, ನೀನು ಹೇಳಿದ್ದೇ ಸರಿ.’ ಆ ಮಾತಿನ ಮೇಲೆ, ಮನೆ ರಿಪೇರಿಗೆಂದು ಸುಳ್ಳು ಹೇಳಿ ಮಗನಿಂದ ತರಿಸಿಕೊಂಡಿದ್ದ ಎರಡು ಲಕ್ಷವನ್ನೂ ಜುಲೈನಲ್ಲಿ ಕಳೆದೆ.

ಬಳೆಯ ವಿಷಯ ಹೊರಬಿದ್ದದ್ದು ಆಗಸ್ಟಿನಲ್ಲಿ, ನೆಂಟರ ಮನೆಯ ನಾಮಕರಣಕ್ಕೆ ಹೊರಟಾಗ.

‘ಬಳೆ ಎಲ್ಲ್ರೀ?’

‘ಲಾಕರ್‌ನಲ್ಲಿ.’

‘ನಮಗೆ ಲಾಕರ್ ಎಲ್ಲಿದೆ?’

ಅವಳು ಕೂಗಾಡಲಿಲ್ಲ. ಉಟ್ಟಿದ್ದ ರೇಷ್ಮೆ ಸೀರೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತಳು. ಎಷ್ಟು ಹೋಯಿತು ಎಂದು ಕೇಳುತ್ತಾಳೆ ಅಂದುಕೊಂಡೆ. ‘ಎರಡು ವರ್ಷದಿಂದ ಪೂಜೆಗೆ ಕೂತ್ಕೊಂಡು ಗಡಿಯಾರ ನೋಡ್ತಿದ್ರಿ, ಯಾರೋ ಬರೋರಿದ್ದಾರೆ ಅನ್ನೋ ಹಾಗೆ’ ಎಂದಳು. ಅಷ್ಟೇ.

ಶರಣ ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಕಥೆಯನ್ನು ಬಸವ ಜಯಂತಿಯ ಭಾಷಣಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಹನ್ನೆರಡನೇ ಶತಮಾನದ ಕಥೆ ಎಂದು ಕೈತಟ್ಟಿ ಎದ್ದು ಬಂದಿದ್ದೆ. ಮಾರಯ್ಯನಿಗಾದರೂ ಹಿಂದಕ್ಕೆ ಸುರಿಯಲು ಅಕ್ಕಿ ಇತ್ತು.

ಮಗ ಬಂದ. ಖಾತೆ ಮುಚ್ಚಿಸಿದ. ಮೈಸೂರಿನಲ್ಲೇ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದ. ಇದು ಜೂಜಿನ ಚಟ, ಕುಡಿತದ ಹಾಗೆಯೇ ಇದಕ್ಕೂ ಚಿಕಿತ್ಸೆ ಇದೆ ಎಂದರು ಅವರು. ದೇವರೊಬ್ಬನೇ ಬಿಡಿಸಿದ ಎಂದು ಬರೆದರೆ ಆ ಡಾಕ್ಟರಿಗೆ ಅನ್ಯಾಯವಾದೀತು. ಕೀಪ್ಯಾಡ್ ಫೋನ್ ಹಿಡಿದೆ. ಒಂಬತ್ತೂಕಾಲಿಗೆ ಸರಿಯಾಗಿ ಬೆವರು ಬರುತ್ತಿತ್ತು, ಬಲಗೈ ಹೆಬ್ಬೆರಳು ತಾನಾಗಿಯೇ ಅಲುಗುತ್ತಿತ್ತು. ಸೆಪ್ಟೆಂಬರಿನಲ್ಲಿ ಸೆಬಿಯ ಹೊಸ ವರದಿ ಪತ್ರಿಕೆಯಲ್ಲಿ ಬಂತು: ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಸರಾಸರಿ ಒಬ್ಬೊಬ್ಬರಿಗೆ ಎರಡು ಲಕ್ಷದ ಆಸುಪಾಸು. ನನ್ನದು ಹತ್ತೊಂಬತ್ತು ಲಕ್ಷ. ಅಷ್ಟು ದೊಡ್ಡ ಜಾತ್ರೆಯಲ್ಲಿ ನಾನೂ ಒಬ್ಬ ಎಂದು ಸಮಾಧಾನವಾಯಿತು, ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು.

ಡಾಕ್ಟರು ಚಟ ಬಿಡಿಸುತ್ತಿದ್ದರು. ಖಾಲಿಯಾದ ಬೆಳಗಿನ ಹೊತ್ತಿಗೆ ಅವರ ಬಳಿ ಔಷಧವಿರಲಿಲ್ಲ. ಬೇರೆ ದಾರಿಯಿಲ್ಲದೆ ಕರಡಿಗೆ ಬಿಚ್ಚಿದೆ. ಭಕ್ತಿ ಬಂದು ಬಿಚ್ಚಿದ್ದಲ್ಲ. ಮೊದಲ ವಾರ ಆ ಕಪ್ಪು ಕಂತಿಯಲ್ಲಿ ಹಸಿರು, ಕೆಂಪು ಅಂಕಿಗಳೇ ಕಾಣುತ್ತಿದ್ದವು. ಕಣ್ಣು ಅರ್ಧ ನಿಮಿಷ ನಿಲ್ಲುತ್ತಿರಲಿಲ್ಲ. ಅಲ್ಲಿ ಏನೂ ಏರುವುದಿಲ್ಲ, ಏನೂ ಇಳಿಯುವುದಿಲ್ಲ, ನಾನು ಸರಿಯೋ ತಪ್ಪೋ ಎಂದು ಹೇಳುವುದೂ ಇಲ್ಲ. ಎಂಥ ಬೇಸರ! ನವೆಂಬರಿನ ಒಂದು ಬೆಳಿಗ್ಗೆ, ಯಾವ ದಿನ ಎಂದು ನೆನಪಿಲ್ಲ, ಆ ಚುಕ್ಕಿ ಬೆಳಕನ್ನು ನೋಡುತ್ತಾ ಇದ್ದೆ. ಏನನ್ನೂ ಕೇಳಿಕೊಂಡಿರಲಿಲ್ಲ. ಬೇಸಗೆಯಲ್ಲಿ ಬಹಳ ದೂರ ನಡೆದು ಬಂದು ಊರ ಬಾವಿಯ ನೀರು ಕುಡಿದ ಮೇಲೆ ಎದೆಯಲ್ಲಿ ಒಂದು ತಂಪು ನಿಲ್ಲುತ್ತದಲ್ಲ, ಹಾಗಿತ್ತು. ಏರದ, ಇಳಿಯದ ಆ ಬೇಸರವೇ ಆಗ ನನಗೆ ಸಾಕಾಗಿತ್ತು. ಎದ್ದು ಹೊರಗೆ ಬಂದರೆ ಗಂಟೆ ಹತ್ತಾಗುತ್ತಾ ಬಂದಿತ್ತು. ಪ್ರತಿ ದಿನವೂ ಹಾಗಾಗುತ್ತದೆಂದು ಹೇಳಲಾರೆ.

ಈಗ ಮನೆಯ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡಿದ್ದೇನೆ. ಪಿಂಚಣಿದಾರರ ಅರ್ಜಿ, ಕುಟುಂಬ ಪಿಂಚಣಿಯ ಕಾಗದಪತ್ರ ಬರೆದುಕೊಡುತ್ತೇನೆ. ನೂರು ರೂಪಾಯಿ, ಇಲ್ಲದವರಿಂದ ಇಲ್ಲ. ಅದರಲ್ಲಿ ಗಿರವಿಯ ಬಡ್ಡಿ ಹೋಗುತ್ತದೆ, ಅಸಲು ಪಿಂಚಣಿಯಿಂದ. ಹೋದ ದೀಪಾವಳಿಗೆ ಎರಡು ಬಳೆ ಬಿಡಿಸಿಕೊಂಡು ಬಂದೆ. ಕೈಗೊಂದರಂತೆ ಹಾಕಿಕೋ ಎಂದೆ. ಅವಳು ಎರಡನ್ನೂ ಬಲಗೈಗೇ ಹಾಕಿಕೊಂಡಳು. ಎಡಗೈಯಲ್ಲಿ ಇನ್ನೂ ಬರೀ ಗಾಜಿನ ಬಳೆ.