ಮಗುವನ್ನು ಸಾಕ್ಷಿಯಾಗಿಸದಿರೋಣ

ಗಂಡಹೆಂಡಿರ ಸಂಬಂಧವು ನ್ಯಾಯಾಲಯದ ತೀರ್ಪಿನಿಂದ ಮುಗಿಯಬಹುದು. ಆದರೆ ತಾಯಿತಂದೆಯರೊಡನೆ ಮಗುವಿಗಿರುವ ಕರುಳಿನ ಸಂಬಂಧವು ಯಾವ ತೀರ್ಪಿನಿಂದಲೂ ಮುಗಿಯುವಂಥದಲ್ಲ. ಮನೆ ಒಡೆದ ಹೊತ್ತಿನಲ್ಲಿ ಮೊದಲು ಮರೆಯಾಗುವುದು ಈ ಸರಳ ಸತ್ಯವೇ. ಕುಟುಂಬ ನ್ಯಾಯಾಲಯದ ಮೆಟ್ಟಿಲೇರಿದ ಬಂಧುಗಳ ಜೊತೆಯಲ್ಲಿ ಕೆಲಕಾಲ ಓಡಾಡಿದ ನಾವು, ಅಲ್ಲಿ ಕಂಡುದನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಇಂತಹ ದಾವೆಗಳು ನಮ್ಮ ಸಮಾಜಕ್ಕೆ ಹೊರಗಿನವೆಂದು ಯಾರೂ ಭಾವಿಸಬೇಕಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ, ಅಪ್ರಾಪ್ತ ವಯಸ್ಕರ ಪಾಲಕತ್ವವನ್ನು ಕುರಿತ 1956ರ ಕಾಯಿದೆಯೂ ತಮ್ಮ ವ್ಯಾಪ್ತಿಯನ್ನು ಹೇಳುವಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿಕೊಂಡಿವೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಎರಡನೆಯ ಕಾಯಿದೆಯು ಹೇಳುತ್ತದೆ. ಆದರೂ ತಾಯಿಯ ಹಕ್ಕಿಗಿಂತ, ತಂದೆಯ ಹಕ್ಕಿಗಿಂತ ಮಗುವಿನ ಹಿತವೇ ಮಿಗಿಲೆಂಬುದು ಅದರ ತಿರುಳು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ಸಾಧ್ಯವಿರುವಲ್ಲಿ ರಾಜಿಗೆ ಯತ್ನಿಸುವ ಹೊಣೆಯನ್ನು ನ್ಯಾಯಾಲಯದ ಮೇಲೆಯೇ ಹೊರಿಸಿದೆ. ಅದಕ್ಕೆ ಸಲಹೆಗಾರರ ನೆರವೂ ಉಂಟು.

ನಮ್ಮ ಬಂಧುಗಳ ಮಗ ಏಳು ವರ್ಷದವನು. ದಾವೆ ನಡೆದ ಕಾಲದಲ್ಲಿ ತಂದೆಯ ಮನೆಯಲ್ಲಿದ್ದ. ತಿಂಗಳಿಗೆ ಎರಡು ಶನಿವಾರ ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ ತಾಯಿಯು ಅವನನ್ನು ಕಾಣಬಹುದೆಂದು ಆದೇಶವಾಗಿತ್ತು. ಮೊದಮೊದಲು ಓಡಿಬಂದು ತೊಡೆಯೇರುತ್ತಿದ್ದ ಹುಡುಗ ಕೆಲವೇ ತಿಂಗಳಲ್ಲಿ ಬಾಗಿಲಲ್ಲೇ ನಿಲ್ಲತೊಡಗಿದ. “ನೀ ನಮ್ಮನ್ನ ಬಿಟ್ಟು ಹೋದಾಕಿ, ಅಪ್ಪನ್ನ ಕೋರ್ಟಿಗೆ ಎಳದಾಕಿ” ಎಂದ. ಅದು ಏಳು ವರ್ಷದವನ ಮಾತಲ್ಲ. ಪಡಸಾಲೆಯಲ್ಲಿ ಹಿರಿಯರು ಆಡಿದ್ದು ಅವನ ಬಾಯಿಗೆ ಬಂದಿತ್ತು. ಒಂದು ಶನಿವಾರ ತಾಯಿ ತಂದ ಶೇಂಗಾ ಉಂಡಿಯನ್ನು ಗೋಡೆಗೆ ಮುಖಮಾಡಿ ತಿಂದು, ಬಾಯನ್ನು ಎರಡು ಸಲ ಒರೆಸಿಕೊಂಡು, “ಆಯಿಗೆ ಹೇಳಬ್ಯಾಡ್ರಿ” ಎಂದು ನಮ್ಮನ್ನು ಬೇಡಿಕೊಂಡ. ಹೆತ್ತವಳ ಕೈತುತ್ತನ್ನು ಕದ್ದು ತಿನ್ನುವ ಕೂಸಿನ ಸಂಕಟವನ್ನು ಯಾವ ಕಾಯಿದೆ ಅಳೆದೀತು?

ಸರ್ವೋಚ್ಚ ನ್ಯಾಯಾಲಯವು 2017ರ ತೀರ್ಪೊಂದರಲ್ಲಿ ಇದನ್ನೇ ಎತ್ತಿ ಹೇಳಿತು: ಒಬ್ಬರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸಿದರೆ, ಇಬ್ಬರಲ್ಲಿ ಯಾರಿಗೆ ನಿಷ್ಠನಾಗಿರಲಿ ಎಂಬ ಇಕ್ಕಟ್ಟಿಗೆ ಅದನ್ನು ದೂಡಿದಂತೆ. ಇಬ್ಬರ ಪ್ರೀತಿಯೂ ಮಗುವಿನ ಹಕ್ಕೆಂದು 2020ರಲ್ಲಿ ಅದೇ ನ್ಯಾಯಾಲಯವು ಹೇಳಿತು. ಆದರೆ ಇಂಥ ಆರೋಪವನ್ನು ಅವಸರದಲ್ಲಿ ಹೊರಿಸಬಾರದು, ನಡೆದ ನಡತೆಯನ್ನು ನೋಡಬೇಕು ಎಂದು 2024ರಲ್ಲಿ ಎಚ್ಚರಿಸಿತು. ಇದು ತೂಕದ ಮಾತು. ಹೊಡೆತಬಡಿತವನ್ನು ಕಣ್ಣಾರೆ ಕಂಡು ಹೆದರಿದ ಮಗುವಿನ ಮಾತನ್ನು, ಯಾರೋ ಹೇಳಿಕೊಟ್ಟದ್ದೆಂದು ತಳ್ಳಿಹಾಕುವುದೂ ಅನ್ಯಾಯವೇ.

ನಮ್ಮ ಹುಡುಗನ ವಿಷಯದಲ್ಲಿ ಸಲಹೆಗಾರರು ಅವನ ಅಜ್ಜಿಯನ್ನು ಕರೆಸಿದರು. ಮೊಮ್ಮಗನನ್ನು ತಾವೇ ಕೈಹಿಡಿದು ಕರೆತಂದು, “ಅವ್ವನ ಕೂಡ ಆಡಿ ಬಾ” ಎಂದು ಒಂದು ಮಾತು ಹೇಳಿರೆಂದು ಕೇಳಿಕೊಂಡರು. ಮಗನ ನೋವನ್ನು ಕಂಡಿದ್ದ ಆ ಹಿರಿಯ ಜೀವಕ್ಕೆ ಅಷ್ಟು ನುಡಿಯಲು ಎರಡು ತಿಂಗಳು ಹಿಡಿಯಿತು. ನುಡಿದ ದಿನ ಹುಡುಗ ಒಮ್ಮೆ ಆಯಿಯ ಮುಖ ನೋಡಿದ. ಬಳಿಕ ಒಳಗೆ ಓಡಿದ. ದಾಂಪತ್ಯವೇನೋ ಉಳಿಯಲಿಲ್ಲ, ವಿಚ್ಛೇದನವಾಯಿತು. ಈಗ ಅವನು ಶಾಲೆಯ ದಿನಗಳಲ್ಲಿ ತಂದೆಯ ಬಳಿಯೂ, ವಾರದ ಕೊನೆಗೆ ಮತ್ತು ರಜೆಯಲ್ಲಿ ತಾಯಿಯ ಬಳಿಯೂ ಇರುತ್ತಾನೆ.

ನಮ್ಮ ಮನೆಗಳಲ್ಲಿ ಮಕ್ಕಳು ಬೆಳೆಯುವುದು ಅಜ್ಜ, ಆಯಿ, ದೊಡ್ಡಪ್ಪ, ಚಿಗವ್ವರ ನಡುವೆ. ಆದುದರಿಂದ ಹೊಣೆಯೂ ತಾಯಿತಂದೆಯರದಷ್ಟೇ ಅಲ್ಲ. ಮಗುವಿನೆದುರು ಅದರ ಹೆತ್ತವರನ್ನು ಹಳಿಯದಿರೋಣ. ಭೇಟಿಯ ದಿನ ತಪ್ಪಿಸದೆ, ಹೊತ್ತಿಗೆ ಸರಿಯಾಗಿ ಕಳುಹೋಣ. ಮರಳಿ ಬಂದಾಗ “ಅಲ್ಲಿ ಏನಂದರು?” ಎಂದು ಕೆದಕದೆ, “ಉಂಡೆಯಾ ಮಗಾ?” ಎಂದು ಕೇಳೋಣ. ಹಬ್ಬದ ದಿನ ದೂರದಲ್ಲಿರುವವರಿಗೆ ಮಗುವಿನ ಕೈಯಿಂದಲೇ ಫೋನು ಮಾಡಿಸೋಣ. ಹಿರಿಯರ ವ್ಯಾಜ್ಯವನ್ನು ಹಿರಿಯರು ಹೊತ್ತುಕೊಳ್ಳಲಿ. ಆ ಭಾರವು ಪಾಟಿಚೀಲ ಹೊರುವ ಎಳೆಯ ಹೆಗಲಿಗೆ ಬೇಡ.