ಆ್ಯಪ್ ಬೇಡ, ಹಳೇ ಸೈಕಲ್ಲೇ ಸಾಕು

ನಮ್ಮ ಕ್ಯಾಂಪಸ್ಸಲ್ಲಿ ಬಿಸಿನೆಸ್ ಅಂದರೆ ಆ್ಯಪ್ ಅಂತಲೇ ಅರ್ಥ. ನಾವು ನಾಲ್ಕು ಜನವೂ ಮೊದಲು ಅದನ್ನೇ ಮಾತಾಡಿದ್ದು: ವೀಕೆಂಡ್ ಊರಿಗೆ ಹೋಗೋರು ಜೊತೆಗಾರರನ್ನು ಹುಡುಕಿಕೊಳ್ಳೋ ಆ್ಯಪ್. ಗೂಗಲ್ ಫಾರ್ಮ್ ಕಳಿಸಿದ್ವಿ. 40 ಜನ "ಸೂಪರ್" ಅಂದ್ರು. ತಿಂಗಳಿಗೆ 30 ರೂಪಾಯಿ ಕೊಡ್ತೀರಾ ಅಂತ ಕೇಳಿದ್ದಕ್ಕೆ ಮೂರೇ ಟಿಕ್.

ರೆಡ್‌ಬಸ್ ಕಥೆ ನಿಮಗೂ ಗೊತ್ತಿರತ್ತೆ. 2005ರ ದೀಪಾವಳಿಗೆ ಫಣೀಂದ್ರ ಸಾಮಾ ಅವರಿಗೆ ಊರಿಗೆ ಹೋಗೋಕೆ ಬಸ್ ಟಿಕೆಟ್ ಸಿಗಲಿಲ್ಲ, ಮರುವರ್ಷ ಕಂಪನಿ ಶುರುವಾಯ್ತು. ಆದರೆ ಅವರೆಲ್ಲ ಆಗಲೇ ಕೆಲಸದಲ್ಲಿದ್ದ ಇಂಜಿನಿಯರುಗಳು. ನಮಗಿರೋದು ಇಂಟರ್ನಲ್ಸ್ ಬರೆದ ಅನುಭವ ಅಷ್ಟೇ. ನಮಗೆ ಹತ್ತಿರ ಅನಿಸಿದ್ದು ನ್ಯಾಚುರಲ್ಸ್ ಐಸ್‌ಕ್ರೀಂನ ರಘುನಂದನ್ ಕಾಮತ್, ನಮ್ಮ ಮಂಗಳೂರು ಕಡೆಯವರು. 1984ರಲ್ಲಿ ಮುಂಬೈನ ಜುಹುವಿನಲ್ಲಿ ಅಂಗಡಿ ಇಟ್ಟಾಗ, ಬರೀ ಐಸ್‌ಕ್ರೀಂಗೆ ಜನ ಬರ್ತಾರೋ ಇಲ್ವೋ ಅಂತ ಪಾವ್‌ಭಾಜಿಯನ್ನೂ ಮಾರಿದ್ರು. ಖಾರ ತಿಂದವರು ತಣ್ಣಗಿನದು ಕೇಳೇ ಕೇಳ್ತಾರೆ!

ನಮ್ಮ ಬಂಡವಾಳ ಒಟ್ಟು 8,000 ರೂಪಾಯಿ, ತಲೆಗೆ ಎರಡೆರಡು ಸಾವಿರ. ಅದರಲ್ಲಿ ಒಬ್ಬನ ಪಾಲು ಅವನಮ್ಮ ಡೇರಿಗೆ ಹಾಲು ಹಾಕಿ ಕೂಡಿಸಿದ್ದು. ಇದು ಗೊತ್ತಾದ ಮೇಲೆ ಸರ್ವರ್, ಲೋಗೋ ಅಂತ ಮಾತಾಡೋಕೆ ಯಾರಿಗೂ ಬಾಯಿ ಬರಲಿಲ್ಲ. ಕಳೆದುಕೊಂಡರೆ ಎಷ್ಟು, ವಾಪಸ್ ಬರೋಕೆ ಎಷ್ಟು ದಿನ ಅಂತ ಲೆಕ್ಕ ಶುರುವಾಯ್ತು.

ಆಗ ಕಣ್ಣಿಗೆ ಬಿದ್ದಿದ್ದು ಹಾಸ್ಟೆಲ್ ಹಿಂದಿನ ಸ್ಟ್ಯಾಂಡು. ಫೈನಲ್ ಇಯರ್‌ನವರು ಹೊರಡುವಾಗ ಸೈಕಲ್ಲನ್ನ ಊರಿಗೆ ಒಯ್ಯಲ್ಲ, ತುಕ್ಕು ಹಿಡಿಯೋಕೆ ಬಿಡ್ತಾರೆ. 800ಕ್ಕೆ ಕೊಡೋಕೆ ರೆಡಿ. ಟ್ಯೂಬು, ಬ್ರೇಕ್ ವೈರು, ಚೈನಿಗೆ ಸುಮಾರು 500. ರಿಪೇರಿ ನಾವೇ ಮಾಡೋದು. ನಮ್ಮಲ್ಲಿ ಮೆಕ್ಯಾನಿಕಲ್ ಓದೋನು ಇದ್ದಾನೆ, ಆದರೆ ಪಂಕ್ಚರ್ ಹಾಕೋಕೆ ಬರೋದು ಕಂಪ್ಯೂಟರ್ ಸೈನ್ಸ್‌ನವನಿಗೆ. 2,000ಕ್ಕೆ ಹೋದರೆ ಒಂದಕ್ಕೆ 700 ಉಳಿಯತ್ತೆ.

ಈ ಸಲ ಫಾರ್ಮ್ ಕಳಿಸಲಿಲ್ಲ. ಫಸ್ಟ್ ಇಯರ್ ಹಾಸ್ಟೆಲ್ಲಿಗೆ ಹೋಗಿ 200 ರೂಪಾಯಿ ಅಡ್ವಾನ್ಸ್ ಕೇಳಿದ್ವಿ. ಬೇಕು ಅಂದವರು ಹನ್ನೊಂದು ಜನ, ದುಡ್ಡು ಕೊಟ್ಟವರು ಐದು. ಹಾಗಾಗಿ ಕೊಂಡಿದ್ದೂ ಐದೇ. "ಇಷ್ಟು ಚಿಕ್ಕದಕ್ಕೆ ಸ್ಟಾರ್ಟಪ್ ಅಂತಾರಾ?" ಅಂತ ಸೀನಿಯರ್ ಒಬ್ಬರು ನಕ್ಕರು. ಅಂಗಡಿ ಅನ್ನಲಿ, ನಮಗೇನೂ ಬೇಜಾರಿಲ್ಲ.

ಮೂರು ರೆಡಿಯಾಗಿವೆ. ನಾಲ್ಕನೆಯದರ ಹಿಂದಿನ ರಿಮ್ಮು ಸ್ವಲ್ಪ ಸೊಟ್ಟ, ಭಾನುವಾರ ಅದಕ್ಕೇ ಕೂರಬೇಕು. ಡೇರಿ ದುಡ್ಡು ಮೊದಲು ವಾಪಸ್ ಹೋಗಬೇಕು ಅಂತ ನಾಲ್ವರೂ ಒಪ್ಪಿದ್ದೀವಿ.